ಸಂಘ ನಡೆಸಲು ಸರ್ವಾಧಿಕಾರಿಯ ಕೈ ಬೇಕೇ?

ಹಾಲು ಉತ್ಪಾದಕರ ಸಂಘಕ್ಕೆ ಹೊಸದಾಗಿ ಅಧ್ಯಕ್ಷರಾಗಿದ್ದೀರಿ. ಎಲ್ಲರ ಮಾತು ಕೇಳಿ ನಡೆಯುವ ನಾಯಕ, ತಾನೊಬ್ಬನೇ ತೀರ್ಮಾನಿಸುವ ಸರ್ವಾಧಿಕಾರಿ, ಈ ಇಬ್ಬರಲ್ಲಿ ಯಾರ ದಾರಿ ಹಿಡಿದರೆ ಕೆಲಸ ಬೇಗ ಆಗುತ್ತದೆ ಎಂಬುದು ನಿಮ್ಮ ಪ್ರಶ್ನೆ. ನಮ್ಮೂರಿನ ಸಂಘದಲ್ಲಿ ನಾನೂ ಒಂದು ಅವಧಿಗೆ ಅದೇ ಕುರ್ಚಿಯಲ್ಲಿ ಕುಳಿತಿದ್ದೆ ಮತ್ತು ಎರಡನೆಯ ದಾರಿಯನ್ನೇ ಹಿಡಿದಿದ್ದೆ.

ನಾನು ಅಧಿಕಾರ ವಹಿಸಿಕೊಂಡಾಗ ಆಡಳಿತ ಮಂಡಳಿಯ ಸಭೆಯೆಂದರೆ ಜಗಳವೇ ಆಗಿತ್ತು. ಪಶು ಆಹಾರದ ಲೋಡು ಯಾವಾಗ ತರಿಸಬೇಕು ಎಂಬಷ್ಟು ಸಣ್ಣ ವಿಷಯವೂ ಎರಡು ಸಭೆಗಳಾಚೆಗೆ ಹೋಗುತ್ತಿತ್ತು. ಬೇಸತ್ತ ನಾನು ಸಭೆ ಕರೆಯುವುದನ್ನೇ ಬಿಟ್ಟೆ. ತೀರ್ಮಾನವನ್ನು ನಾನು ಮಾಡುತ್ತಿದ್ದೆ. ಕಾರ್ಯದರ್ಶಿ ನಡವಳಿ ಪುಸ್ತಕವನ್ನು ನಿರ್ದೇಶಕರ ಮನೆಮನೆಗೆ ಒಯ್ದು ಸಹಿ ಹಾಕಿಸಿಕೊಂಡು ಬರುತ್ತಿದ್ದರು. ಮೊದಲ ವರ್ಷ ಇದರಿಂದ ಒಳ್ಳೆಯದೇ ಆಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಬಟವಾಡೆ ತಪ್ಪದೆ ಆಯಿತು, ಹಾಲಿಗೆ ನೀರು ಬೆರೆಸುತ್ತಿದ್ದವರು ಸಿಕ್ಕಿಬಿದ್ದರು, ಸಂಘಕ್ಕೆ ಈಗೊಂದು ಹಿಡಿತ ಬಂತು ಎಂದು ಊರಿನವರೇ ಹೇಳಿದರು. ನೀವು ಬಯಸುತ್ತಿರುವುದು ಈ ಮೊದಲ ವರ್ಷವನ್ನು ಎಂದು ನನಗೆ ಅನ್ನಿಸುತ್ತದೆ.

ನನ್ನ ತಪ್ಪು ನಡೆದದ್ದು ಒಂದು ಸಂಜೆ, ಹಾಲು ಹಾಕಲು ಬಂದವರು ಸಾಲಿನಲ್ಲಿ ನಿಂತಿದ್ದಾಗ. ನಮ್ಮ ಹಾಲು ಪರೀಕ್ಷಕ ಇಪ್ಪತ್ತರ ಆಸುಪಾಸಿನ ಹುಡುಗ. ಶೀತಲೀಕರಣ ಘಟಕದ ಜನರೇಟರಿನ ಬ್ಯಾಟರಿ ಸೋತಿದೆ, ಬದಲಾಯಿಸದಿದ್ದರೆ ಕರೆಂಟು ಹೋದಾಗ ಅದು ತಾನಾಗಿ ಶುರುವಾಗುವುದಿಲ್ಲ ಎಂದು ಆತ ಎಲ್ಲರೆದುರು ಹೇಳಿದ. ಜನರೇಟರನ್ನು ಆಗತಾನೆ ರಿಪೇರಿ ಮಾಡಿಸಿ, ಅದರ ಬಿಲ್ಲಿಗೆ ನಾನೊಬ್ಬನೇ ಒಪ್ಪಿಗೆ ಕೊಟ್ಟಿದ್ದೆ. ಹಾಗಾಗಿ ಆತ ಹೇಳಿದ್ದು ಬ್ಯಾಟರಿಯ ವಿಷಯವಾದರೂ ನನಗೆ ಕೇಳಿಸಿದ್ದು ನನ್ನ ಮೇಲಿನ ದೂರು. “ನಿನ್ನ ಕೆಲಸ ಹಾಲಿನ ಫ್ಯಾಟು, ಲ್ಯಾಕ್ಟೋಮೀಟರಿನ ಡಿಗ್ರಿ ನೋಡುವುದು, ಅಷ್ಟು ಮಾಡು” ಎಂದು ಗದರಿಸಿದೆ. ಸಾಲಿನಲ್ಲಿದ್ದವರು ನಕ್ಕರು. ಅದರ ಮೇಲೆ ಇನ್ನೊಂದು ಆಜ್ಞೆಯನ್ನೂ ಹೊರಡಿಸಿದೆ: ಹಾಲು ನಾಲ್ಕು ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ತಾಪಮಾನದ ರಿಜಿಸ್ಟರಿನಲ್ಲಿ ಬೇರೆ ಅಂಕಿ ಕಂಡರೆ ಬರೆದವರು ನನಗೆ ಲಿಖಿತ ಕಾರಣ ಕೊಡಬೇಕು.

ಅಂದಿನಿಂದ ಆ ರಿಜಿಸ್ಟರಿನಲ್ಲಿ ಪುಟದಿಂದ ಪುಟಕ್ಕೆ ಒಂದೇ ನೀಲಿ ಶಾಯಿಯಲ್ಲಿ 4, 4, 4 ಎಂಬ ಅಂಕಿಯೇ ಇತ್ತು. ಆಗತಾನೆ ಕರೆದ ಹಾಲನ್ನು ಸುರಿಯುವ ಹೊತ್ತಿನಲ್ಲಿ ತಾಪಮಾನ ಏರಲೇಬೇಕು. ಅದು ಎಂದೂ ಏರದೆ ಇರುವುದು ಸಾಧ್ಯವೇ ಎಂದು ನಾನು ಕೇಳಿಕೊಳ್ಳಲಿಲ್ಲ. ಸರ್ವ ಸದಸ್ಯರ ಸಭೆಯಲ್ಲಿ ಅದೇ ಪುಸ್ತಕವನ್ನು ಎತ್ತಿ ತೋರಿಸಿ ಶಿಸ್ತಿನ ಬಗ್ಗೆ ಭಾಷಣ ಮಾಡಿದೆ.

ಬೇಸಿಗೆಯ ಒಂದು ಸಂಜೆ ಹಾಲು ತಣಿಯುವ ಮೊದಲೇ ಕರೆಂಟು ಹೋಯಿತು. ಜನರೇಟರು ಶುರುವಾಗಲಿಲ್ಲ. ಬೆಳಿಗ್ಗೆ ಬಂದ ಪರೀಕ್ಷಕ ಇಪ್ಪತ್ತು ದಾಟಿದ ತಾಪಮಾನವನ್ನು ಕಂಡ, ರಿಜಿಸ್ಟರಿನಲ್ಲಿ 4 ಎಂದು ಬರೆದ, ಬೆಳಗಿನ ಹಾಲನ್ನೂ ಅದರ ಮೇಲೆಯೇ ಸುರಿಸಿದ. ಟ್ಯಾಂಕರಿನವರು ಮಾದರಿ ತೆಗೆದು ಕಾಯಿಸಿದಾಗ ಹಾಲು ಒಡೆಯಿತು. ಎರಡು ಹೊತ್ತಿನ ಹಾಲನ್ನೂ ಚರಂಡಿಗೆ ಬಿಡಬೇಕಾಯಿತು. ಉತ್ಪಾದಕರಿಗೆ ಹಣ ಕೊಡಲೇಬೇಕಿದ್ದರಿಂದ ಆ ವರ್ಷದ ಬೋನಸ್ಸು ಕರಗಿತು, ಮುಂದಿನ ಚುನಾವಣೆಯಲ್ಲಿ ನಾನು ಸೋತೆ. ಏಕೆ ಹೀಗೆ ಬರೆದೆ ಎಂದು ಕೇಳಿದಾಗ ಆ ಹುಡುಗ ಹೇಳಿದ್ದಿಷ್ಟು: “ಅಧ್ಯಕ್ಷರೇ, ಬೇರೆ ಅಂಕಿ ಬರೆದರೆ ಕಾರಣ ಬರೆಯಬೇಕಿತ್ತು. ಕಾರಣ ಬರೆದರೆ ಮತ್ತೆ ಬ್ಯಾಟರಿಯ ಮಾತೇ ಬರುತ್ತಿತ್ತು.”

ಬಹಳ ದಿನ ನಾನು ಇದನ್ನು ಬ್ಯಾಟರಿಯ ತಪ್ಪು ಎಂದೆ, ಆಮೇಲೆ ವಿದ್ಯುತ್ ಪೂರೈಕೆಯದು ಎಂದೆ, ಆಮೇಲೆ ಆ ಹುಡುಗನದು ಎಂದೆ. ಆದರೆ ಬ್ಯಾಟರಿ ಸೋಲುವುದು ಯಾವ ಸಂಘದಲ್ಲಾದರೂ ನಡೆಯುವ ಮಾತು. ಅದು ಸೋತಿದೆ ಎಂಬ ಸುದ್ದಿ ಅಧ್ಯಕ್ಷನ ಕಿವಿಗೆ ಬೀಳುವ ದಾರಿಯನ್ನು ಮುಚ್ಚಿದವನು ನಾನು. ಮಂಡಳಿಯ ಸಭೆ ನಡೆಯುತ್ತಿದ್ದರೆ ಯಾರಾದರೊಬ್ಬ ನಿರ್ದೇಶಕರು, ನನ್ನ ಮೇಲಿನ ಕೋಪಕ್ಕಾದರೂ, ಜನರೇಟರಿನ ಬಿಲ್ಲನ್ನು ಕೆದಕಿ ಬ್ಯಾಟರಿಯ ವಿಷಯವನ್ನು ಹೊರಗೆಳೆಯುತ್ತಿದ್ದರು. ನಾನು ದಂಡ ಎಂದುಕೊಂಡಿದ್ದ ಆ ಜಗಳಗಳು ಸಂಘಕ್ಕೆ ಕಾವಲಾಗಿದ್ದವು.

ಸೋತ ಮೇಲೆ ಚೀನಾದ ಮಹಾ ಕ್ಷಾಮದ ಬಗ್ಗೆ ಓದಿದಾಗ ನನ್ನ ರಿಜಿಸ್ಟರನ್ನೇ ಓದಿದಂತಾಯಿತು. 1958ರಲ್ಲಿ ಅಲ್ಲಿನ ನಾಯಕ ಮಾವೋ ಉತ್ಪಾದನೆ ಹೆಚ್ಚಿಸಲೆಂದು ಆರಂಭಿಸಿದ ‘ಮಹಾ ಮುನ್ನಡೆ’ ಎಂಬ ಅಭಿಯಾನದಲ್ಲಿ ಕೆಳಗಿನ ಅಧಿಕಾರಿಗಳು ಮೇಲಿನವರ ಭಯಕ್ಕೆ ಧಾನ್ಯದ ಇಳುವರಿಯನ್ನು ಉಬ್ಬಿಸಿ ಬರೆದರು. ಸರ್ಕಾರ ಆ ಸುಳ್ಳು ಲೆಕ್ಕದ ಮೇಲೆಯೇ ಧಾನ್ಯ ವಸೂಲು ಮಾಡಿತು. ರೈತರ ಮನೆಯಲ್ಲಿ ಉಣ್ಣಲು ಉಳಿಯಲಿಲ್ಲ. ಕೊರಿಯಾ ಯುದ್ಧದಲ್ಲಿ ಚೀನಾದ ಸೇನೆಯನ್ನು ನಡೆಸಿದ್ದ ರಕ್ಷಣಾ ಮಂತ್ರಿ ಪೆಂಗ್ ದೆಹುವಾಯ್ 1959ರ ಜುಲೈನಲ್ಲಿ, ಲುಷಾನ್ ಸಭೆಯ ಸಂದರ್ಭದಲ್ಲಿ, ತಪ್ಪುಗಳನ್ನು ವಿವರಿಸಿ ಮಾವೋಗೆ ಖಾಸಗಿಯಾಗಿ ಪತ್ರ ಬರೆದರು. ಮಾವೋ ಅದನ್ನು ಸಭೆಯಲ್ಲಿ ಹಂಚಿಸಿ, ಅವರನ್ನು ಪಕ್ಷದ್ರೋಹಿಯಂತೆ ನಿಲ್ಲಿಸಿ, ಪದವಿಯಿಂದ ಇಳಿಸಿದರು. ಆಮೇಲೆ ಸತ್ಯ ಹೇಳುವ ಧೈರ್ಯ ಯಾರಿಗಿರುತ್ತದೆ? 1960ರಲ್ಲಿ ಕ್ಷಾಮ ಇನ್ನಷ್ಟು ಭೀಕರವಾಯಿತು. ಸತ್ತವರು ಕೋಟಿಗಳಲ್ಲಿ.

ನಮ್ಮ ದೇಶದಲ್ಲೂ 1975ರ ಜೂನ್ 25ರಿಂದ 1977ರ ಮಾರ್ಚ್ 21ರವರೆಗಿನ ತುರ್ತು ಪರಿಸ್ಥಿತಿಯಲ್ಲಿ ಇದರ ರುಚಿ ಕಂಡಿದ್ದೇವೆ. ಪತ್ರಿಕೆಗಳಿಗೆ ಸೆನ್ಸಾರ್ ಬಿತ್ತು. ಸಂತಾನಶಕ್ತಿಹರಣಕ್ಕೆ ಗುರಿ ನಿಗದಿಯಾಗಿ, ಅಂಕಿ ತುಂಬಿಸುವ ಒತ್ತಡ ಕೆಳಗಿನ ನೌಕರರವರೆಗೂ ಇಳಿಯಿತು. 1976–77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು ನಡೆದವು, ಅವುಗಳಲ್ಲಿ ಎಷ್ಟೋ ಬಲವಂತದವು. ಉತ್ತರ ಭಾರತದ ಹಳ್ಳಿಗಳಲ್ಲಿ ಮಡುಗಟ್ಟಿದ ಸಿಟ್ಟು ಚುನಾವಣೆಯಲ್ಲಿ ಹೊರಬಂತು, ಇಂದಿರಾ ಗಾಂಧಿಯವರು ಸ್ವತಃ ರಾಯ್‌ಬರೇಲಿಯಲ್ಲಿ ಸೋತರು. ಅದೇ ಚುನಾವಣೆಯಲ್ಲಿ ನಮ್ಮ ರಾಜ್ಯ 28 ಸ್ಥಾನಗಳಲ್ಲಿ 26ನ್ನು ಅವರ ಪಕ್ಷಕ್ಕೇ ಕೊಟ್ಟಿತು ಎಂಬುದನ್ನೂ ನೆನಪಿಡಬೇಕು; ಸರ್ವಾಧಿಕಾರದ ಪೆಟ್ಟು ಎಲ್ಲರ ಬೆನ್ನಿಗೂ ಒಂದೇ ಹೊತ್ತಿಗೆ ಬೀಳುವುದಿಲ್ಲವಾದ್ದರಿಂದಲೇ ದೂರದಲ್ಲಿರುವವರಿಗೆ ಅದು ಶಿಸ್ತಿನಂತೆ ಕಾಣಿಸುತ್ತದೆ.

ಆದ್ದರಿಂದ ಯಾರ ದಾರಿಯಲ್ಲಿ ಕೆಲಸ ಬೇಗ ಆಗುತ್ತದೆ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ತಪ್ಪಾದಾಗ ಅದು ಯಾರ ಬಾಯಿಂದ, ಎಷ್ಟು ಬೇಗ ನಿಮಗೆ ತಿಳಿಯುತ್ತದೆ ಎಂದು ಕೇಳಿ. ಗಟ್ಟಿ ಸ್ವಭಾವದ ನಾಯಕನೆಲ್ಲ ಸರ್ವಾಧಿಕಾರಿಯಲ್ಲ. ನಮ್ಮ ಹಾಲಿನ ಲೋಕದಲ್ಲೇ ನೋಡಿ: ಅಮುಲ್ ಅನ್ನು ಬೆಳೆಸಿದ ವರ್ಗೀಸ್ ಕುರಿಯನ್ ತಮ್ಮ ಮಾತಿನ ಮೇಲೆ ಬಿಗಿಯಾಗಿ ನಿಲ್ಲುತ್ತಿದ್ದರು, ಆದರೂ ಅವರು ಕೆಲಸ ಮಾಡಿದ್ದು ರೈತರಿಂದ ಆಯ್ಕೆಯಾದವರಿಗೆ ಉತ್ತರ ಕೊಡಬೇಕಾದ ವ್ಯವಸ್ಥೆಯಲ್ಲಿ. 2006ರಲ್ಲಿ ಗುಜರಾತಿನ ಹಾಲು ಮಾರಾಟ ಮಹಾಮಂಡಳದ ಸದಸ್ಯರು ತಿರುಗಿ ಬಿದ್ದಾಗ ಅವರು ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಅಷ್ಟು ದೊಡ್ಡ ಮನುಷ್ಯರನ್ನೂ ಇಳಿಸಲು ಅಲ್ಲಿ ದಾರಿಯಿತ್ತು.

ನೀವು ಗಟ್ಟಿಯಾಗಿಯೇ ಇರಿ, ಬಟವಾಡೆಯ ದಿನ ತಪ್ಪಿಸಬೇಡಿ, ನೀರು ಬೆರೆಸುವವರು ನೆಂಟರಾದರೂ ಬಿಡಬೇಡಿ. ಆದರೆ ಮಂಡಳಿಯ ಸಭೆಯನ್ನು ಕರೆಯಿರಿ, ನಡವಳಿ ಪುಸ್ತಕ ಯಾರ ಮನೆಗೂ ಹೋಗಬಾರದು. ಒಪ್ಪದವರ ಹೆಸರು ಮತ್ತು ಕಾರಣವನ್ನು ಅದೇ ಪುಸ್ತಕದಲ್ಲಿ ಬರೆಸಿ. ಹಾಲನ್ನು ನಿರಾಕರಿಸುವ ಅಧಿಕಾರವನ್ನು ಪರೀಕ್ಷಕರಿಗೆ ಬರಹದಲ್ಲೇ ಕೊಡಿ. ಅದು ನಿಮ್ಮ ಮನೆಯ ಹಾಲಾದರೂ ಸರಿ. ರಾತ್ರಿ ಹನ್ನೊಂದಕ್ಕೆ ಯಂತ್ರ ಕೆಟ್ಟರೆ ಯಾರನ್ನೂ ಕೇಳುತ್ತ ಕೂರಬೇಡಿ, ಆ ಕ್ಷಣದಲ್ಲೇ ತೀರ್ಮಾನಿಸಿ ಹಣ ಖರ್ಚು ಮಾಡಿ, ಮುಂದಿನ ಸಭೆಯಲ್ಲಿ ಬಿಲ್ಲನ್ನೂ ಕೆಟ್ಟದ್ದರ ಕಾರಣವನ್ನೂ ಎಲ್ಲರ ಮುಂದಿಡಿ.