ಇಂಗ್ಲಿಷಿನ 'ಬಾಯ್ಕಾಟ್' ಕ್ರಿಯಾಪದ ಎಲ್ಲಿಂದ ಬಂತು? ಹೇಗೆ ಬಳಸಬೇಕು?

ಅದು ಒಬ್ಬ ಮನುಷ್ಯನ ಹೆಸರು. ಚಾರ್ಲ್ಸ್ ಬಾಯ್ಕಾಟ್ ಐರ್ಲೆಂಡಿನ ಮೇಯೋ ಕೌಂಟಿಯಲ್ಲಿ ಲಾರ್ಡ್ ಅರ್ನ್ ಎಂಬ ಜಮೀನ್ದಾರನ ಪರವಾಗಿ ಗೇಣಿ ವಸೂಲಿ ಮಾಡುತ್ತಿದ್ದ. 1880ರಲ್ಲಿ ಬೆಳೆ ಕೈಕೊಟ್ಟಿದ್ದರಿಂದ ರೈತರು ಗೇಣಿಯಲ್ಲಿ ಶೇ. 25 ಇಳಿಸಿ ಎಂದು ಕೇಳಿದರು. ಜಮೀನ್ದಾರ ಒಪ್ಪಲಿಲ್ಲ, ಬಾಯ್ಕಾಟ್ ಆ ರೈತರನ್ನು ಒಕ್ಕಲೆಬ್ಬಿಸಲು ಹೊರಟ. ಆಗ ಲ್ಯಾಂಡ್ ಲೀಗ್ ಎಂಬ ರೈತರ ಸಂಘದ ಮಾತು ಕೇಳಿ ಊರವರು ಅವನ ಮೇಲೆ ಕೈ ಮಾಡಲಿಲ್ಲ, ಸುಮ್ನೆ ದೂರ ಸರಿದರು: ಆಳುಗಳು ಹೊಲ ಬಿಟ್ಟರು, ಅಂಗಡಿಯವರು ಸಾಮಾನು ಕೊಡಲಿಲ್ಲ, ಬಟ್ಟೆ ಒಗೆಯುವವಳೂ ಬರಲಿಲ್ಲ. ಕೊನೆಗೆ ಆಲೂಗಡ್ಡೆ, ಟರ್ನಿಪ್ ಕೀಳೋಕೆ ಬೇರೆ ಕಡೆಯಿಂದ ಸುಮಾರು 50 ಜನ, ಅವರ ಕಾವಲಿಗೆ ಸೈನಿಕರು ಬರಬೇಕಾಯಿತು! ಪತ್ರಿಕೆಗಳು ಇದನ್ನು ಜೋರಾಗಿ ಬರೆದವು, ಅದೇ ವರ್ಷ ಅವನ ಹೆಸರು ಕ್ರಿಯಾಪದವಾಯಿತು.

ಹಾಗಾಗಿ ಇದರ ತಿರುಳು ಒಗ್ಗಟ್ಟು. ಹಲವರು ಸೇರಿ, ಒತ್ತಡ ಹಾಕಲೆಂದೇ, ವ್ಯವಹಾರ ನಿಲ್ಲಿಸಬೇಕು. 1928ರಲ್ಲಿ ನಮ್ಮವರು ಸೈಮನ್ ಕಮಿಷನ್‌ಗೆ ಮಾಡಿದ್ದು ಇದನ್ನೇ ಅಲ್ವಾ?

ಬಳಸುವಾಗ ಜಾಸ್ತಿ ಜನ ಎಡವುವುದು ಒಂದು ಕಡೆ: ಇದರ ನಂತರ 'ಫ್ರಮ್' ಬರುವುದಿಲ್ಲ. 'ದೇ ಬಾಯ್ಕಾಟೆಡ್ ದಿ ಮೀಟಿಂಗ್' ಅಂದರೆ ಸಾಕು.