ಬೈಬ್ಯಾಕ್ ಅನುಪಾತ ಜಾಸ್ತಿ ಇದ್ದರೆ ರಿಟೇಲ್ ಷೇರು ಕೊಳ್ಳಬಹುದಾ?

ಪ್ರಶ್ನೆ: ಒಂದು ರಿಟೇಲ್ ಕಂಪನಿಯ ಷೇರು ಕೊಳ್ಳುವ ಯೋಚನೆಯಲ್ಲಿದ್ದೇನೆ. ಒಂದು ವೆಬ್‌ಸೈಟ್‌ನಲ್ಲಿ ಅದರ ಬೈಬ್ಯಾಕ್ (ಕಂಪನಿ ತನ್ನದೇ ಷೇರುಗಳನ್ನು ವಾಪಸ್ ಕೊಳ್ಳುವುದು) ಅನುಪಾತ 6% ಅಂತ ಇದೆ. ಇನ್ನೊಂದರಲ್ಲಿ ಬೈಬ್ಯಾಕ್ ಯೀಲ್ಡ್ 8.5% ಅಂತ ಇದೆ. ಯಾವುದನ್ನು ನಂಬಬೇಕು? ಕಂಪನಿಯ ಇಪಿಎಸ್ (ಒಂದು ಷೇರಿಗೆ ಬರುವ ಲಾಭ) ಪ್ರತಿ ವರ್ಷ ಏರುತ್ತಿದೆ. ಹಾಗಾದರೆ ಈ ಅನುಪಾತ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಲ್ವಾ?

ಉತ್ತರ: ಎರಡೂ ಸರಿ ಇರಬಹುದು. ಅವು ಅಳೆಯುವುದು ಬೇರೆ ಬೇರೆ ವಿಷಯ.

ಅನುಪಾತದ ಲೆಕ್ಕ ಸುಲಭ. ವರ್ಷದ ಆರಂಭದಲ್ಲಿದ್ದ ಷೇರುಗಳಲ್ಲಿ ವರ್ಷದ ಕೊನೆಯ ಷೇರುಗಳನ್ನು ಕಳೆಯಿರಿ. ಬಂದದ್ದನ್ನು ಆರಂಭದ ಸಂಖ್ಯೆಯಿಂದ ಭಾಗಿಸಿ. 10 ಕೋಟಿ ಷೇರು 9.4 ಕೋಟಿಗೆ ಇಳಿದರೆ 6%. ಮೈನಸ್ ಬಂದರೆ ಕಂಪನಿ ಹೊಸ ಷೇರು ಹಂಚಿದೆ ಎಂದರ್ಥ. ಯೀಲ್ಡ್ ಹಾಗಲ್ಲ. ಬೈಬ್ಯಾಕಿಗೆ ಸುರಿದ ಹಣ ಕಂಪನಿಯ ಮಾರುಕಟ್ಟೆ ಮೌಲ್ಯದ ಎಷ್ಟು ಪಾಲು ಅನ್ನೋದು ಅದು.

ನೀವು ಹೇಳಿದ ಅಂಕಿಗಳನ್ನೇ ನೋಡೋಣ. 10 ಕೋಟಿ ಷೇರಿನ ಕಂಪನಿ 85 ಲಕ್ಷ ಷೇರು ವಾಪಸ್ ಕೊಂಡಿತು ಅಂದುಕೊಳ್ಳಿ. ಷೇರು ಬೆಲೆ ಹೆಚ್ಚೇನೂ ಬದಲಾಗಿಲ್ಲ ಎಂದರೆ ಯೀಲ್ಡ್ 8.5%. ಅದೇ ವರ್ಷ ಅಧಿಕಾರಿಗಳಿಗೆ, ನೌಕರರಿಗೆ ಸ್ಟಾಕ್ ಆಪ್ಷನ್ (ನಿಗದಿತ ಬೆಲೆಗೆ ಕಂಪನಿಯ ಷೇರು ಕೊಳ್ಳುವ ಹಕ್ಕು) ರೂಪದಲ್ಲಿ 25 ಲಕ್ಷ ಹೊಸ ಷೇರು ಕೊಟ್ಟಿತು. ನಿಜವಾಗಿ ಕಡಿಮೆಯಾದದ್ದು 60 ಲಕ್ಷ, ಅಂದರೆ 6%. ಉಳಿದ 2.5% ಹಣ ನಿಮ್ಮ ಪಾಲನ್ನು ಹಿಗ್ಗಿಸಲಿಲ್ಲ, ಕುಗ್ಗದಂತೆ ತಡೆಯಿತು ಅಷ್ಟೇ. ನಿಜ ಹೇಳಬೇಕೆಂದರೆ ಅದು ಸಂಬಳದ ಖರ್ಚು. ಹಾಗಾಗಿ ಮೊದಲು 6% ನೋಡಿ. ಎರಡರ ನಡುವಿನ ಅಂತರ ವರ್ಷ ವರ್ಷವೂ ದೊಡ್ಡದಾಗುತ್ತಿದ್ದರೆ ನನಗಂತೂ ಇಷ್ಟವಾಗುವುದಿಲ್ಲ.

ಒಂದು ಎಚ್ಚರಿಕೆ. ಷೇರು ವಿಭಜನೆ ಅಥವಾ ಬೋನಸ್ ಷೇರಿನಿಂದ ಒಂದು ಷೇರು ಎರಡಾದ ವರ್ಷ ವೆಬ್‌ಸೈಟ್ ಹಳೆಯ ಸಂಖ್ಯೆಯನ್ನು ಸರಿಹೊಂದಿಸದಿದ್ದರೆ ಅನುಪಾತ ಸುಮ್ನೆ ಮೈನಸ್ 100% ಅಂತ ತೋರಿಸಬಹುದು. ಗಾಬರಿ ಬೇಡ, ವಾರ್ಷಿಕ ವರದಿ ತೆರೆದು ನೋಡಿ.

ಈಗ ಇಪಿಎಸ್ ವಿಷಯ. ಪ್ರತಿ ವರ್ಷ 6% ಷೇರು ಕಡಿಮೆಯಾಗುತ್ತಾ ಹೋದರೆ ಮೂರು ವರ್ಷದಲ್ಲಿ 100 ಷೇರು ಸುಮಾರು 83 ಆಗುತ್ತವೆ. ಒಟ್ಟು ಲಾಭ ಒಂದು ಪೈಸೆಯೂ ಏರದಿದ್ದರೂ ಇಪಿಎಸ್ ಸುಮಾರು 20% ಏರುತ್ತದೆ. ಅಂಗಡಿಯಲ್ಲಿ ಒಬ್ಬ ಗಿರಾಕಿಯೂ ಜಾಸ್ತಿ ಬಂದಿರುವುದಿಲ್ಲ! ಅದಕ್ಕೇ ಇಪಿಎಸ್ ಪಕ್ಕದಲ್ಲಿ ನಿವ್ವಳ ಲಾಭವನ್ನೂ, ಸೇಮ್ ಸ್ಟೋರ್ ಸೇಲ್ಸನ್ನೂ ಇಟ್ಟುಕೊಳ್ಳಿ. ಒಂದು ವರ್ಷಕ್ಕಿಂತ ಹಳೆಯ ಅಂಗಡಿಗಳಲ್ಲಿ ಮಾರಾಟ ಏರಿದೆಯಾ ಇಳಿದಿದೆಯಾ ಅನ್ನುವುದನ್ನು ಅದು ಹೇಳುತ್ತದೆ.

ಅನುಪಾತ ಒಂದನ್ನೇ ನಂಬಿದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಎರಡು ಕಂಪನಿಗಳು ಸಾಕು. ವಾಹನ ಬಿಡಿಭಾಗ ಮಾರುವ ಆಟೋಝೋನ್ 1998ರಿಂದ ಬೈಬ್ಯಾಕ್ ಮಾಡುತ್ತಲೇ ಬಂದಿದೆ. ಆಗ 15 ಕೋಟಿಯ ಆಸುಪಾಸಿನಲ್ಲಿದ್ದ ಷೇರುಗಳು 2024ರ ಹೊತ್ತಿಗೆ ಸುಮಾರು 1.7 ಕೋಟಿಗೆ ಇಳಿದಿದ್ದವು. ಷೇರು ಹಿಡಿದು ಕೂತವರು ಚೆನ್ನಾಗಿಯೇ ಗಳಿಸಿದರು. ಮನೆಬಳಕೆ ಸಾಮಾನು ಮಾರುತ್ತಿದ್ದ ಬೆಡ್ ಬಾತ್ ಅಂಡ್ ಬಿಯಾಂಡ್ ಕೂಡ 2004ರಿಂದ 1,100 ಕೋಟಿ ಡಾಲರ್‌ಗೂ ಜಾಸ್ತಿ ಹಣವನ್ನು ಬೈಬ್ಯಾಕಿಗೆ ಹಾಕಿತು. 2014ರಲ್ಲಿ 150 ಕೋಟಿ ಡಾಲರ್ ಬಾಂಡ್ ಸಾಲವನ್ನೂ ಎತ್ತಿತು. 100 ಕೋಟಿ ಡಾಲರ್‌ನ ಕೊನೆಯ ದೊಡ್ಡ ಬೈಬ್ಯಾಕನ್ನು ಗಡುವಿಗೆ ಎರಡು ವರ್ಷ ಮೊದಲೇ, 2022ರ ಆರಂಭದಲ್ಲಿ ಮುಗಿಸಿತು. ಆಗ ಅದರ ಮಾರಾಟ ಕುಸಿಯುತ್ತಿತ್ತು. 2023ರ ಏಪ್ರಿಲ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಇಬ್ಬರದ್ದೂ ಅನುಪಾತ ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತಿತ್ತು.

ವ್ಯತ್ಯಾಸ ಎಲ್ಲಿತ್ತು? ಆಟೋಝೋನ್ ಕೂಡ ಸಾಲ ಮಾಡಿಯೇ ಬೈಬ್ಯಾಕ್ ಮಾಡಿದೆ. ಅದರ ನಿವ್ವಳ ಮೌಲ್ಯ, ಅಂದರೆ ಆಸ್ತಿಯಲ್ಲಿ ಸಾಲ ಮತ್ತಿತರ ಹೊಣೆ ಕಳೆದರೆ ಉಳಿಯುವುದು, ಪುಸ್ತಕದಲ್ಲಿ ಮೈನಸ್ ಇದೆ. ಆದರೆ ಅಂಗಡಿಗಳು ಹಣ ಹುಟ್ಟಿಸುತ್ತಲೇ ಇದ್ದವು. ಬಾಡಿಗೆಯನ್ನೂ ಸೇರಿಸಿ ಸಾಲಕ್ಕೊಂದು ಮಿತಿ ಹಾಕಿಕೊಂಡಿತ್ತು. (ಲಾಭವನ್ನು ನಿವ್ವಳ ಮೌಲ್ಯಕ್ಕೆ ಹೋಲಿಸುವ ಆರ್‌ಒಇ, ಷೇರು ಬೆಲೆಯನ್ನು ಅದಕ್ಕೆ ಹೋಲಿಸುವ ಪ್ರೈಸ್ ಟು ಬುಕ್ ಎರಡೂ ಇಂಥ ಕಂಪನಿಗಳಲ್ಲಿ ಕೆಲಸಕ್ಕೆ ಬರುವುದಿಲ್ಲ. ನೋಡಲು ಹೋಗಬೇಡಿ.)

ರಿಟೇಲ್‌ನಲ್ಲಿ ಬಾಡಿಗೆಯನ್ನು ಮರೆತರೆ ಲೆಕ್ಕ ತಪ್ಪುತ್ತದೆ. ಹತ್ತು ವರ್ಷದ ಲೀಸ್‌ಗೆ ಸಹಿ ಹಾಕಿದ ಮೇಲೆ ವ್ಯಾಪಾರ ನಡೆಯಲಿ ಬಿಡಲಿ, ಬಾಡಿಗೆ ಕಟ್ಟಲೇಬೇಕು. ಅದೂ ಒಂದು ಸಾಲವೇ. 2019ರಿಂದ ಹೊಸ ಅಕೌಂಟಿಂಗ್ ನಿಯಮಗಳಿಂದಾಗಿ ಲೀಸ್ ಹೊಣೆ ಬ್ಯಾಲೆನ್ಸ್ ಶೀಟ್‌ನಲ್ಲೇ ಕಾಣುತ್ತದೆ. ಬ್ಯಾಂಕ್ ಸಾಲದ ಜೊತೆ ಅದನ್ನೂ ಕೂಡಿಸಿ ನೋಡಿ.

ಕೈಯಲ್ಲಿರುವ ನಗದನ್ನು ನೋಡಿಯೂ ಮೋಸ ಹೋಗಬೇಡಿ. ಅಮೆರಿಕದ ಅನೇಕ ರಿಟೇಲ್ ಕಂಪನಿಗಳು ಜನವರಿ ಕೊನೆಗೆ ಲೆಕ್ಕ ಮುಗಿಸುತ್ತವೆ. ಕ್ರಿಸ್‌ಮಸ್ ವ್ಯಾಪಾರ ಆಗಷ್ಟೇ ಮುಗಿದಿರುತ್ತದೆ. ಗಲ್ಲಾ ತುಂಬಿರುತ್ತದೆ, ಗೋದಾಮು ಖಾಲಿ ಇರುತ್ತದೆ. ಕೆಲವೇ ತಿಂಗಳಲ್ಲಿ ಆ ಹಣ ಮುಂದಿನ ಸೀಸನ್‌ನ ಸರಕಿಗೆ ಹೋಗುತ್ತದೆ. ಅದನ್ನು ಹೆಚ್ಚುವರಿ ಹಣ ಅಂದುಕೊಂಡು ಬೈಬ್ಯಾಕಿಗೆ ಹಾಕಿದರೆ ಮುಂದೆ ಸಪ್ಲೈಯರ್‌ಗಳಿಗೆ ಕಟ್ಟಲು ಪರದಾಡಬೇಕಾಗುತ್ತದೆ. ಪಾವತಿ ತಡವಾದರೆ ಅವರು ಸರಕು ಕಳಿಸುವುದನ್ನೇ ನಿಲ್ಲಿಸುತ್ತಾರೆ. ಕಪಾಟು ಖಾಲಿ ಇರುವ ಅಂಗಡಿಗೆ ಯಾರು ಬರುತ್ತಾರೆ?

ನಿಮ್ಮ ಕಂಪನಿಯ ಕಳೆದ ಐದು ವರ್ಷದ ನಗದು ಹರಿವಿನ ಪಟ್ಟಿ ತೆಗೆಯಿರಿ. ವ್ಯಾಪಾರದಿಂದ ಬಂದ ನಗದಿನಲ್ಲಿ ಅಂಗಡಿ, ಗೋದಾಮು, ಸಾಫ್ಟ್‌ವೇರ್‌ಗೆ ಮಾಡಿದ ಬಂಡವಾಳ ವೆಚ್ಚ ಕಳೆಯಿರಿ. ಬೈಬ್ಯಾಕ್ ಮತ್ತು ಡಿವಿಡೆಂಡ್ ಸೇರಿ ಈ ಉಳಿಕೆಯೊಳಗೆ ಇದ್ದು, ಹಳೆಯ ಅಂಗಡಿಗಳ ಮಾರಾಟವೂ ಇಳಿದಿಲ್ಲದಿದ್ದರೆ 6% ಒಳ್ಳೆಯ ಅನುಪಾತವೇ. ಉಳಿಕೆಗಿಂತ ಜಾಸ್ತಿ ಖರ್ಚಾಗಿದ್ದು, ಅಂಗಡಿಗಳ ನವೀಕರಣಕ್ಕೆ ಹಾಕುವ ಹಣವೂ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ, ಅನುಪಾತ 10% ಇದ್ದರೂ ನಾನಾದರೆ ಆ ಷೇರು ಕೊಳ್ಳುವುದಿಲ್ಲ. ಜೊತೆಗೆ ಒಟ್ಟು ಎಷ್ಟು ಹಣಕ್ಕೆ ಎಷ್ಟು ಷೇರು ಕೊಂಡಿದೆ ಎಂದು ಭಾಗಿಸಿ, ಬಂದ ಸರಾಸರಿ ಬೆಲೆಯನ್ನು ಇವತ್ತಿನ ಬೆಲೆಗೆ ಹೋಲಿಸಿ. ಬೆಲೆ ಏರಿದ ವರ್ಷ ಜಾಸ್ತಿ ಕೊಂಡು, ಬಿದ್ದ ವರ್ಷ ಕೈಕಟ್ಟಿ ಕೂರುವ ಆಡಳಿತ ಮಂಡಳಿಗಳೇ ಜಾಸ್ತಿ.