ಹೋಮ್ ಸರ್ವರ್‌ನ ಎರಡು ಯುಎಸ್‌ಬಿ ಡಿಸ್ಕ್‌ಗಳನ್ನು ರೇಡ್ ಮಾಡಬೇಕೇ?

ನಿಮ್ಮಲ್ಲಿರುವುದು 8 ಜಿಬಿ ರ್‍ಯಾಮ್‌ನ ಹಳೆಯ ಮಿನಿ ಪಿಸಿ, ಅದರೊಳಗೆ 256 ಜಿಬಿಯ ಎಸ್‌ಎಸ್‌ಡಿ, ಹೊರಗೆ ಯುಎಸ್‌ಬಿಗೆ ಸಿಕ್ಕಿಸಿದ 4 ಟಿಬಿಯ ಎರಡು ಡಿಸ್ಕ್. ಫೋಟೋಗಳಿಗೆ ಇಮಿಚ್, ಸಿನಿಮಾಗಳಿಗೆ ಜೆಲ್ಲಿಫಿನ್, ಕಾಗದಪತ್ರಗಳಿಗೆ ನೆಕ್ಸ್ಟ್‌ಕ್ಲೌಡ್ ಮೂರನ್ನೂ ಇದರಲ್ಲೇ ನಡೆಸಬೇಕೆಂದಿದ್ದೀರಿ. ಎರಡು ಡಿಸ್ಕ್‌ಗಳನ್ನು ರೇಡ್ 1 (ಎರಡರಲ್ಲೂ ಒಂದೇ ಡೇಟಾವನ್ನು ಒಟ್ಟಿಗೇ ಬರೆಯುವ ಜೋಡಣೆ) ಮಾಡಿದರೆ ಮನೆಯವರ ಫೋಟೋಗಳು ಸುರಕ್ಷಿತವಾಗಿರುತ್ತವೆಯೇ, ಗೂಗಲ್ ಫೋಟೋಸ್‌ನಿಂದ ಅಳಿಸಿಬಿಡಬಹುದೇ ಎಂದು ಕೇಳಿದ್ದೀರಿ. ನಾನೂ ಮನೆಯಲ್ಲಿ ಇದೇ ಬಗೆಯ ಯಂತ್ರವನ್ನು ನಡೆಸುತ್ತಿದ್ದೇನೆ. ನನ್ನ ಸಲಹೆ ಇಷ್ಟು: ರೇಡ್ ಬೇಡ, ಒಂದು ಡಿಸ್ಕನ್ನು ಬಳಕೆಗೆ ಇಟ್ಟುಕೊಳ್ಳಿ, ಇನ್ನೊಂದನ್ನು ಬ್ಯಾಕಪ್‌ಗೆಂದೇ ಮೀಸಲಿಡಿ.

ರೇಡ್ 1 ಕಾಪಾಡುವುದು ಒಂದು ಡಿಸ್ಕ್ ಕೆಟ್ಟು ನಿಂತಾಗ ಮಾತ್ರ. ಮನೆಯವರು ಕೈತಪ್ಪಿ ಫೋಟೋಗಳ ಒಂದು ಫೋಲ್ಡರ್ ಅಳಿಸಿದರೆ ಅದು ಎರಡೂ ಡಿಸ್ಕ್‌ಗಳಿಂದ ಅದೇ ಕ್ಷಣದಲ್ಲಿ ಹೋಗುತ್ತದೆ. ಅದಲ್ಲದೆ ಯುಎಸ್‌ಬಿಯ ತೊಂದರೆಯೇ ಬೇರೆ: ಡಿಸ್ಕ್ ಪೆಟ್ಟಿಗೆಯೊಳಗಿನ ಚಿಪ್ ಒಮ್ಮೆ ರೀಸೆಟ್ ಆದರೆ ಅಥವಾ ಕೇಬಲ್ ಸ್ವಲ್ಪ ಅಲುಗಿದರೆ ಡಿಸ್ಕ್ ಕೆಲವು ಕ್ಷಣ ಕಾಣದಾಗುತ್ತದೆ, ರೇಡ್ ಅದನ್ನು ಕೆಟ್ಟುಹೋದ ಡಿಸ್ಕ್ ಎಂದೇ ಪರಿಗಣಿಸಿ ಹೊರಗಿಡುತ್ತದೆ, ಆಮೇಲೆ 4 ಟಿಬಿಯಷ್ಟನ್ನೂ ಮತ್ತೆ ಸರಿಹೊಂದಿಸಲು ಹಲವು ಗಂಟೆ ಬೇಕಾಗುತ್ತದೆ. ಅಂಗೈಯಗಲದ ಪೋರ್ಟಬಲ್ ಡಿಸ್ಕ್‌ಗಳಲ್ಲಿ ಬಹಳಷ್ಟು ಎಸ್‌ಎಂಆರ್ (ಡೇಟಾದ ಸಾಲುಗಳನ್ನು ಒಂದರ ಮೇಲೊಂದು ಭಾಗಶಃ ಹೊದಿಸಿ ಬರೆಯುವ) ಮಾದರಿಯವು. ಎಡೆಬಿಡದೆ ಬರೆಯುವಾಗ ಅವುಗಳ ವೇಗ ತೀರಾ ಕುಸಿಯುವುದರಿಂದ ಕಾಯುವ ಹೊತ್ತು ಇನ್ನೂ ಹೆಚ್ಚುತ್ತದೆ. ಝಡ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಂ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಬಗ್ಗೆಯೂ ಕೇಳಿದ್ದೀರಿ. 8 ಜಿಬಿಯಲ್ಲಿ ಅದು ನಡೆಯುತ್ತದೆ, ಆದರೆ ಒಂಟಿ ಡಿಸ್ಕ್‌ನಲ್ಲಿ ಅದು ಹಾಳಾದ ಫೈಲನ್ನು ಗುರುತಿಸಬಲ್ಲದೇ ಹೊರತು ಸರಿಪಡಿಸಲಾರದು. ನಿಮಗೆ ಲಿನಕ್ಸ್‌ನ ಸಾಮಾನ್ಯ ಫೈಲ್‌ಸಿಸ್ಟಂ ಆದ ಇಎಕ್ಸ್‌ಟಿ4 ಸಾಕು.

ಡಿಸ್ಕನ್ನು ಇಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡುವಾಗ ಒಂದು ಮಾತು ನೆನಪಿರಲಿ. ಅದು ಡಿಸ್ಕ್‌ನ ಶೇ. 5ರಷ್ಟು ಜಾಗವನ್ನು ರೂಟ್ (ಎಲ್ಲ ಅಧಿಕಾರವಿರುವ) ಬಳಕೆದಾರನಿಗೆಂದು ತಾನಾಗಿಯೇ ಕಾದಿರಿಸುತ್ತದೆ. 4 ಟಿಬಿಯಲ್ಲಿ ಅದು ಸುಮಾರು 200 ಜಿಬಿ. ಸಿಸ್ಟಂ ಇರುವ ಡಿಸ್ಕ್‌ಗೆ ಇದು ಬೇಕು, ಬರೀ ಡೇಟಾ ಇಡುವ ಡಿಸ್ಕ್‌ಗೆ ಬೇಕಿಲ್ಲ. ಟ್ಯೂನ್2ಎಫ್‌ಎಸ್ ಆಜ್ಞೆಯಿಂದ ಶೇ. 1ಕ್ಕೆ ಇಳಿಸಿಕೊಳ್ಳಿ.

ಯಾವುದನ್ನು ಎಲ್ಲಿಡಬೇಕೆಂಬುದನ್ನು ಫೈಲ್‌ನ ಗಾತ್ರ ನೋಡಿ ತೀರ್ಮಾನಿಸಬೇಡಿ, ಕಳೆದುಹೋದರೆ ಮತ್ತೆ ಸಿಗುತ್ತದೆಯೇ ಎಂದು ನೋಡಿ. ಜೆಲ್ಲಿಫಿನ್‌ನ ಸಿನಿಮಾಗಳಿಗೆ ಬ್ಯಾಕಪ್ ಬೇಕಿಲ್ಲ. ಡಿವಿಡಿ ಇದ್ದರೆ ಮತ್ತೆ ತೆಗೆದುಕೊಳ್ಳಬಹುದು. ಇಮಿಚ್‌ನ ಥಂಬ್‌ನೇಲ್‌ಗಳನ್ನು ಅದೇ ಮತ್ತೆ ತಯಾರಿಸುತ್ತದೆ. ಮೂಲ ಫೋಟೋಗಳು, ಕಾಗದಪತ್ರಗಳು ಮತ್ತು ಡೇಟಾಬೇಸ್ ಮಾತ್ರ ಹೋದರೆ ಹೋದಂತೆಯೇ. ಡೇಟಾಬೇಸ್ ಗಾತ್ರದಲ್ಲಿ ಚಿಕ್ಕದಾದರೂ ಆಲ್ಬಮ್‌ಗಳು, ಮುಖಗಳಿಗೆ ಕೊಟ್ಟ ಹೆಸರುಗಳು ಎಲ್ಲವೂ ಇರುವುದು ಅದರಲ್ಲೇ. ಅದನ್ನು ಎಸ್‌ಎಸ್‌ಡಿಯಲ್ಲೇ ಇಡಿ. ನಡೆಯುತ್ತಿರುವ ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ನ ಫೋಲ್ಡರನ್ನು ಹಾಗೆಯೇ ಕಾಪಿ ಮಾಡಿದರೆ ಅದು ಬ್ಯಾಕಪ್ ಆಗುವುದಿಲ್ಲ, ಡಂಪ್ (ಡೇಟಾಬೇಸ್‌ನಲ್ಲಿರುವುದನ್ನೆಲ್ಲ ಒಂದು ಫೈಲ್‌ಗೆ ಇಳಿಸಿದ ಪ್ರತಿ) ತೆಗೆಯಬೇಕು. ಇಮಿಚ್ ತಾನಾಗಿಯೇ ಪ್ರತಿದಿನ ಡಂಪ್ ತೆಗೆದಿಡುತ್ತದೆ. ಸಾಮಾನ್ಯ ಡಾಕರ್ (ತಂತ್ರಾಂಶಗಳನ್ನು ಪ್ರತ್ಯೇಕ ಪೊಟ್ಟಣಗಳಲ್ಲಿ, ಅಂದರೆ ಕಂಟೇನರ್‌ಗಳಲ್ಲಿ, ನಡೆಸುವ ವ್ಯವಸ್ಥೆ) ಕಂಟೇನರ್‌ನಲ್ಲಿ ಹಾಕಿಕೊಂಡ ನೆಕ್ಸ್ಟ್‌ಕ್ಲೌಡ್‌ಗೆ ನೀವೇ ವ್ಯವಸ್ಥೆ ಮಾಡಬೇಕು.

ಹೊಸಬರು ಯಾರೂ ಹೇಳದೆ ಊಹಿಸಲಾರದ ಇಕ್ಕಟ್ಟೊಂದಿದೆ, ಅದನ್ನು ತುಸು ಬಿಡಿಸಿ ಹೇಳುತ್ತೇನೆ. ಬೂಟ್ ಆಗುವಾಗ ಯಾವ ಡಿಸ್ಕನ್ನು ಎಲ್ಲಿ ಮೌಂಟ್ ಮಾಡಬೇಕು (ಯಾವ ಫೋಲ್ಡರ್‌ಗೆ ಜೋಡಿಸಬೇಕು) ಎಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಡಿಸ್ಕನ್ನು ಯುಯುಐಡಿ ಎಂಬ ಅದರ ವಿಶಿಷ್ಟ ಗುರುತಿನಿಂದ ಗುರುತಿಸಿ, ಡಿಸ್ಕ್ ಸಿಗದಿದ್ದರೂ ಬೂಟ್ ನಿಲ್ಲದಿರಲೆಂದು ನೋಫೇಲ್ ಎಂದು ಬರೆಯುತ್ತೇವೆ. ಕರೆಂಟ್ ಹೋಗಿ ಬಂದಾಗ ಡಿಸ್ಕ್ ಏಳುವುದು ತಡವಾಯಿತೆನ್ನಿ. ಮೌಂಟ್ ಆಗಬೇಕಿದ್ದ ಜಾಗದಲ್ಲಿ ಆಗ ಇರುವುದು ಎಸ್‌ಎಸ್‌ಡಿಯ ಮೇಲಿನ ಒಂದು ಖಾಲಿ ಫೋಲ್ಡರ್. ಡಾಕರ್‌ಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಕಂಟೇನರ್ ಆ ಖಾಲಿ ಫೋಲ್ಡರ್‌ಗೇ ಬರೆಯತೊಡಗಿ ಎಸ್‌ಎಸ್‌ಡಿಯನ್ನು ತುಂಬಿಸಿಬಿಡುತ್ತದೆ. ಮುಂದೆ ಡಿಸ್ಕ್ ಮೌಂಟ್ ಆದಾಗ ಆ ಫೈಲ್‌ಗಳು ಅದರ ಅಡಿಯಲ್ಲಿ ಮುಚ್ಚಿಹೋಗಿ, ಎಲ್ಲಿ ಹುಡುಕಿದರೂ ಕಾಣದ ಆದರೆ ಜಾಗ ಮಾತ್ರ ತಿನ್ನುವ ಡೇಟಾ ಆಗಿ ಉಳಿಯುತ್ತವೆ. ಡಿಸ್ಕನ್ನು ಅನ್‌ಮೌಂಟ್ ಮಾಡಿದಾಗ ಕಾಣುವ ಖಾಲಿ ಫೋಲ್ಡರ್‌ಗೆ ಚಾಟರ್ ಆಜ್ಞೆಯಿಂದ ಇಮ್ಯುಟಬಲ್ (ಬದಲಿಸಲಾಗದ) ಗುರುತು ಹಾಕಿಟ್ಟರೆ ಅದಕ್ಕೆ ರೂಟ್ ಕೂಡ ಬರೆಯಲಾಗದು. ಕಂಟೇನರ್ ದೋಷ ತೋರಿಸಿ ನಿಲ್ಲುತ್ತದೆ. ನಮಗೆ ಬೇಕಾದದ್ದೂ ಅದೇ. ಎಸ್‌ಎಸ್‌ಡಿ ಕಾರಣವಿಲ್ಲದೆ ತುಂಬಿದಂತೆ ಕಂಡರೆ ಡಾಕರ್ ಲಾಗ್‌ಗಳನ್ನೂ ನೋಡಿ, ಮಿತಿ ಹಾಕದಿದ್ದರೆ ಅವು ಬೆಳೆಯುತ್ತಲೇ ಇರುತ್ತವೆ.

ಕರೆಂಟ್ ವಿಷಯ ಬಂದದ್ದರಿಂದ ಹೇಳುತ್ತೇನೆ: ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದನ್ನು ಯುಪಿಎಸ್ ಮೋಡ್‌ಗೆ ಹಾಕಿ. ಸಾಮಾನ್ಯ ಮೋಡ್‌ನಲ್ಲಿ ಲೈನ್‌ನಿಂದ ಬ್ಯಾಟರಿಗೆ ಬದಲಾಗುವ ಅಂತರ ಫ್ಯಾನ್‌ಗೆ ಗೊತ್ತಾಗದಿದ್ದರೂ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು.

ಎರಡನೆಯ ಡಿಸ್ಕ್‌ಗೆ ರೆಸ್ಟಿಕ್ ಅಥವಾ ಬೋರ್ಗ್ ಎಂಬ ಬ್ಯಾಕಪ್ ತಂತ್ರಾಂಶದಿಂದ ರಾತ್ರಿ ಬ್ಯಾಕಪ್ ಮಾಡಿ. ಎರಡೂ ಹಳೆಯ ಆವೃತ್ತಿಗಳನ್ನು ಉಳಿಸಿಕೊಳ್ಳುತ್ತವೆ, ಬದಲಾದ ಭಾಗವನ್ನಷ್ಟೇ ಹೊಸದಾಗಿ ಬರೆಯುತ್ತವೆ, ಎನ್‌ಕ್ರಿಪ್ಟ್ ಕೂಡ ಮಾಡುತ್ತವೆ. ಅದರ ಪಾಸ್‌ವರ್ಡ್ ಸರ್ವರ್‌ನಲ್ಲಿ ಮಾತ್ರ ಇದ್ದರೆ ಪ್ರಯೋಜನವಿಲ್ಲ, ಕಾಗದದಲ್ಲಿ ಬರೆದು ಬೇರೆಡೆ ಇಡಿ. ಕಳ್ಳತನ, ಬೆಂಕಿ, ಸಿಡಿಲು ಎರಡು ಡಿಸ್ಕ್‌ಗಳನ್ನೂ ಒಟ್ಟಿಗೇ ಒಯ್ಯುವುದರಿಂದ ಫೋಟೋಗಳ ಮಟ್ಟಿಗೆ ಮೂರನೆಯ ಪ್ರತಿಯೊಂದು ಮನೆಯಿಂದ ಹೊರಗಿರಬೇಕು. ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ಒಂದು ಸಣ್ಣ ಡಿಸ್ಕನ್ನು ಅಲ್ಲಿಟ್ಟು, ಹಿಂದಿನದನ್ನು ತರುವುದು ನನ್ನ ಪದ್ಧತಿ. ಪ್ರತಿದಿನದ್ದು ಬೇಕೆನ್ನುವವರು ಕ್ಲೌಡ್ ಸ್ಟೋರೇಜ್‌ಗೆ ದುಡ್ಡು ಕೊಡಬೇಕಾಗುತ್ತದೆ.

ಹೊರಗಿನಿಂದ ಫೋಟೋ ನೋಡಲು ರೌಟರ್‌ನಲ್ಲಿ ಪೋರ್ಟ್ ತೆರೆಯಬೇಡಿ. ನಿಮ್ಮ ಸಂಪರ್ಕ ಸಿಜಿನ್ಯಾಟ್ (ಒಂದೇ ಇಂಟರ್ನೆಟ್ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುವ ವ್ಯವಸ್ಥೆ) ಹಿಂದಿದ್ದರೆ ಅದು ಕೆಲಸ ಮಾಡುವುದೂ ಇಲ್ಲ. ನಿಮ್ಮ ಸಾಧನಗಳನ್ನಷ್ಟೇ ಖಾಸಗಿಯಾಗಿ ಜೋಡಿಸುವ ಟೇಲ್‌ಸ್ಕೇಲ್ ಹಾಕಿಕೊಳ್ಳಿ, ಅಷ್ಟು ಸಾಕು.

ಗೂಗಲ್ ಫೋಟೋಸ್‌ನಿಂದ ಸದ್ಯಕ್ಕೆ ಏನನ್ನೂ ಅಳಿಸಬೇಡಿ. ಗೂಗಲ್‌ನಲ್ಲಿರುವುದನ್ನು ಇಳಿಸಿಕೊಳ್ಳುವ ಟೇಕ್‌ಔಟ್ ಸೌಲಭ್ಯದಲ್ಲಿ ತೆಗೆದದ್ದನ್ನು ಇಮಿಚ್‌ಗೋ ಎಂಬ ಉಪಕರಣದ ಮೂಲಕ ಇಮಿಚ್‌ಗೆ ಸೇರಿಸಿ; ಜೊತೆಗೆ ಬರುವ ಜೇಸನ್ ಫೈಲ್‌ಗಳಿಂದ ದಿನಾಂಕ, ಸ್ಥಳಗಳನ್ನು ಅದು ಜೋಡಿಸಿಕೊಳ್ಳುತ್ತದೆ. ಆಮೇಲೆ ಬ್ಯಾಕಪ್ ಡಿಸ್ಕನ್ನು ಬೇರೊಂದು ಲ್ಯಾಪ್‌ಟಾಪ್‌ಗೆ ಹಾಕಿ, ಅದೊಂದರಿಂದಲೇ ಇಮಿಚನ್ನು ಮತ್ತೆ ಎಬ್ಬಿಸಿ ನೋಡಿ. ಆಲ್ಬಮ್‌ಗಳು, ಮುಖಗಳ ಹೆಸರುಗಳು, ಹಳೆಯ ವಿಡಿಯೋಗಳು ಅಲ್ಲಿ ಸರಿಯಾಗಿ ತೆರೆದುಕೊಂಡರೆ ಆಗ ಅಳಿಸಬಹುದು.